ನಮ್ಮನೆ ಗೋಡೆಯ ಒಣನೆಲ

ನಮ್ಮೂರಲ್ಲಿ ಯಾವುದೂ ಒಣಗುವುದಿಲ್ಲ. ಹಾಗಂತ ಅದು ಮಳೆಯ ಊರು ಅಂದುಕೊಳ್ಳಬೇಡಿ. ಮಳೆ ಎಲ್ಲ ಊರಿಗೂ ಬಂದ ಹಾಗೆ ಬರುತ್ತದೆ, ಹೋಗುತ್ತದೆ. ಬಿಸಿಲೂ ಚುರುಗುಟ್ಟುತ್ತದೆ, ನೆತ್ತಿ ಕಾದು ತಲೆನೋವು ಬಂತು ಅಂತ ಮಲಗಿದವರನ್ನು ನಾನೇ ನೋಡಿದ್ದೇನೆ. ಆದರೆ ಅದೇ ಬಿಸಿಲಲ್ಲಿ ಹರವಿದ ಸೀರೆಯನ್ನು ಸಾಯಂಕಾಲ ಹಿಂಡಿದರೆ ಬೆಳಗ್ಗೆ ಎಷ್ಟು ನೀರು ಬಿತ್ತೋ ಅಷ್ಟೇ ನೀರು ಬೀಳುತ್ತದೆ.

ಹುಟ್ಟಿದಾಗಿನಿಂದ ಹೀಗೇ ಬದುಕಿದವರಿಗೆ ಇದರಲ್ಲಿ ಕಷ್ಟ ಏನೂ ಕಾಣುವುದಿಲ್ಲ. ಉಪ್ಪನ್ನು ನಾವು ಬಾಟಲಿಯಲ್ಲಿ ಕೊಳ್ಳುತ್ತೇವೆ. ಬಟ್ಟೆಯನ್ನು ಚೆನ್ನಾಗಿ ಹಿಂಡಿ, ಇಸ್ತ್ರಿ ಪೆಟ್ಟಿಗೆಯಲ್ಲಿ ಬಿಸಿ ಮಾಡಿ, ಆ ಬಿಸಿ ಆರುವ ಮೊದಲು ತೊಟ್ಟುಕೊಂಡು ಹೊರಡುತ್ತೇವೆ. ಗೋಡೆಗೆ ಬಳಿದ ಬಣ್ಣ ಮುಂದಿನ ಸಲ ಬಳಿಯುವ ತನಕ ಹಸಿಯಾಗೇ ಇರುತ್ತದೆ. ಹಾಗಾಗಿ ಯಾರ ಬೆನ್ನಿಗೆ ಯಾವ ಬಣ್ಣ ಹತ್ತಿದೆ ಅಂತ ನೋಡಿದರೆ ಸಾಕು, ಅವರು ಯಾರ ಮನೆಯಲ್ಲಿ ಒರಗಿ ಕೂತು ಬಂದರು ಅಂತ ಗೊತ್ತಾಗುತ್ತದೆ. ಇದರಿಂದ ಒಂದೆರಡು ಸಂಸಾರದಲ್ಲಿ ಗಲಾಟೆಯೂ ಆಗಿದೆ. ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದವರ ಸಹಿಗಳು ನಿಧಾನಕ್ಕೆ ಹರಡಿ ಒಂದರೊಳಗೊಂದು ಸೇರಿಬಿಡುತ್ತವೆ. ಅದು ಶುಭ ಅಂತಲೇ ನಮ್ಮ ನಂಬಿಕೆ. ಸಾಕ್ಷಿ ಹಾಕುವವರು ಮಾತ್ರ ಹುಷಾರಾಗಿ ಕಾಗದದ ಮೂಲೆಯಲ್ಲಿ ಸಹಿ ಮಾಡುತ್ತಾರೆ. ಹಪ್ಪಳವನ್ನು ನಾವು ದೋಸೆಯ ಹಾಗೆ ಮಡಚಿ ತಿನ್ನುತ್ತೇವೆ.

ಈ ಊರಿಗೆ ಪಶುಪತಿ ಅನ್ನುವವರು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರಾಗಿ ಬಂದರು. ಬಂದ ಕೆಲವು ವರ್ಷಕ್ಕೆ ನನ್ನನ್ನು ಮದುವೆಯಾದರು. ನನ್ನ ಹೆಸರು ಅಂಬುಜಾಕ್ಷಿ. ನಮ್ಮನೆಯವರು ಹುಟ್ಟಿದ್ದು ಬಹಳ ದೂರದ ಯಾವುದೋ ಒಣ ಸೀಮೆಯಲ್ಲಿ. ಬರೀ ಕಲ್ಲು, ಜಾಲಿ ಮುಳ್ಳು, ಸೀಳು ಬಿಟ್ಟ ನೆಲ. ಕೆರೆ ಅಂತ ಕರೆಯುವ ಜಾಗದಲ್ಲಿ ಕುರಿಗಳು ಮಲಗಿರುತ್ತಿದ್ದವಂತೆ. ಜನ ಒಬ್ಬೊಬ್ಬರಾಗಿ ಎದ್ದು ಹೋಗಿ ಈಗ ಆ ಊರೇ ಇಲ್ಲವಂತೆ.

“ಅಂಥ ಊರನ್ನ ನೆನೆಸಿಕೊಂಡು ಏನು ಸುಖ ರೀ?” ಅಂತ ನಾನು ಕೇಳುತ್ತಿದ್ದೆ.

“ನಿನಗೆ ತಿಳಿಯಲ್ಲ ಕಣೇ. ಅಲ್ಲಿ ಹೆಜ್ಜೆ ಇಟ್ಟರೆ ಶಬ್ದ ಬರ್ತಿತ್ತು” ಅನ್ನುತ್ತಿದ್ದರು.

ಒಣಗದ ಊರಲ್ಲಿ ಡ್ರಾಯಿಂಗ್ ಕಲಿಸುವುದು ಎಂಥ ಕೆಲಸ ಅಂತ ಯೋಚಿಸಿ. ಹುಡುಗರು ಬ್ರಶ್ ಎತ್ತಿದ ತಕ್ಷಣ ಇವರು ಓಡಿ ಹೋಗಿ ನಂಬರು ಕೊಡಬೇಕಾಗಿತ್ತು. ಸ್ವಲ್ಪ ತಡವಾದರೆ ಆನೆ ಹೋಗಿ ಕೊಳ ಆಗಿರುತ್ತಿತ್ತು. ಒಂದು ವರ್ಷ ಪರೀಕ್ಷೆಗೆಂದು ಹೊರಗಿನಿಂದ ಬಂದವರು ಎಲ್ಲ ಹಾಳೆಗಳನ್ನೂ ನೋಡಿ, “ನಿಮ್ಮ ಮಕ್ಕಳು ಕೆಸರನ್ನು ಬಹಳ ಚೆನ್ನಾಗಿ ಬಿಡಿಸುತ್ತಾರೆ” ಅಂತ ಹೊಗಳಿ ಹೋದರು. ಪ್ರಶ್ನೆ ಇದ್ದದ್ದು ‘ಹಣ್ಣಿನ ಬುಟ್ಟಿ’.

ರಿಟೈರ್ ಆದ ಮೇಲೆ ನಮ್ಮನೆಯವರು ಬಾಗಿಲಿಗಿಂತ ದೊಡ್ಡದೊಂದು ಪ್ಲೈವುಡ್ ಹಲಗೆ ತಂದು ಹಜಾರದಲ್ಲಿ ನಿಲ್ಲಿಸಿದರು. ತಮ್ಮ ಊರಿನ ಚಿತ್ರ ಮಾಡುತ್ತೇನೆ ಅಂದರು. ಬಣ್ಣ ತರುತ್ತಾರೆ ಅಂದುಕೊಂಡರೆ ಮರಳು ತಂದರು. ಆಮೇಲೆ ಇಟ್ಟಿಗೆ ಪುಡಿ, ಮರದ ಹೊಟ್ಟು, ಹಳೇ ಗೋಣಿಚೀಲದ ನಾರು, ಹುಣಿಸೆ ಬೀಜ ಬೇಯಿಸಿದ ಅಂಟು, ತುಕ್ಕು ಮೊಳೆ ನೆನೆಹಾಕಿದ ಕೆಂಪು ನೀರು. ನನ್ನ ಕಾಫಿ ಚರಟವನ್ನೂ ಬಿಡಲಿಲ್ಲ. ಅಡುಗೆಮನೆಯ ಸಾಮಾನು ಒಂದೊಂದಾಗಿ ಮಾಯವಾಗತೊಡಗಿತು.

“ರೀ, ದೋಸೆ ಮೊಗಚೋ ಕೈ ಎಲ್ಲಿ?”

“ಬೆಟ್ಟದ ಹತ್ತಿರ ಇದೆ ನೋಡು.”

“ಸ್ಟೀಲ್ ನಾರು?”

“ಅದು ಈಗ ಬೇಲಿ ಆಗಿದೆ. ವಾಪಸ್ ಕೊಡಕ್ಕಾಗಲ್ಲ.”

ಹಲಗೆಯ ಮೇಲೆ ಅವರು ದಪ್ಪಗೆ ಮೆತ್ತುವುದು, ಬಾಚಣಿಗೆಯಿಂದ ಗೀರುವುದು. ಕಾಫಿ ಕುಡಿದು ಬರುವಷ್ಟರಲ್ಲಿ ಬೆಟ್ಟವೆಲ್ಲ ಜಾರಿ ಕೆಳಗೆ ಬಂದಿರುತ್ತಿತ್ತು. ಮತ್ತೆ ಮೇಲಕ್ಕೆ ನೂಕುವುದು. ತಿಂಗಳುಗಟ್ಟಲೆ ಇದೇ ನಡೆಯಿತು. ನೆಂಟರು ಬಂದು “ಮೇಷ್ಟ್ರು ಇಲ್ವಾ?” ಅಂದರೆ, “ಬೆಟ್ಟ ನೂಕ್ತಿದ್ದಾರೆ, ಕೂತ್ಕೊಳ್ಳಿ” ಅಂತ ಹೇಳಿ ಹೇಳಿ ನನಗೂ ಅಭ್ಯಾಸವಾಗಿತ್ತು.

ಒಂದು ದಿನ ಮಧ್ಯಾಹ್ನ ಹಜಾರದಿಂದ ಕೂಗಿದರು: “ಬಿರುಕು! ಅಂಬುಜಾ, ಬಿರುಕು ಬಿಟ್ಟಿತು ಬಾರೇ!”

ಮನೆ ಗೋಡೆಯೇ ಬಿತ್ತು ಅಂತ ನಾನು ಒಲೆ ಮೇಲಿನ ಸಾರು ಬಿಟ್ಟು ಓಡಿ ಬಂದೆ. ಚಿತ್ರದ ನಟ್ಟನಡುವೆ ಕೂದಲೆಳೆಯ ಹಾಗೆ ಒಂದು ಸೀಳು. ನಾವು ನೋಡನೋಡುತ್ತಿದ್ದ ಹಾಗೇ ಅದು ಸಣ್ಣಗೆ ಚಿಟ್ ಅಂತ ಸದ್ದು ಮಾಡಿ ಎರಡಾಗಿ ಕವಲೊಡೆಯಿತು. ನಮ್ಮನೆಯವರ ಕಣ್ಣಲ್ಲಿ ನೀರು. ಬೆಟ್ಟಗಳು ನಿಂತಿದ್ದವು. ಯಾಕೆ ನಿಂತವು ಅಂತ ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

“ಹೇಗಿದೆ?” ಅಂದರು.

ಸುಳ್ಳು ಹೇಳಬಾರದಲ್ಲ. ಚೆನ್ನಾಗಿ ನೋಡಿ, “ನಮ್ಮತ್ತೆಯ ಒಡೆದ ಹಿಮ್ಮಡಿ ನೆನಪಾಯ್ತು ರೀ” ಅಂದೆ. ಅವತ್ತು ಅವರು ನನಗೆ ಬೆನ್ನು ಮಾಡಿ ಕೂತು ಊಟ ಮಾಡಿದರು.

ಚಿತ್ರವನ್ನು ಗೋಡೆಗೆ ಹಾಕಿದ ಮೇಲೆ ಒಂದು ಬೆಳಗ್ಗೆ ನಾನು ಒದ್ದೆ ಟವೆಲನ್ನು ಅದರ ಮುಂದಿದ್ದ ಕುರ್ಚಿಯ ಮೇಲೆ ಹಾಕಿ ಮರೆತಿದ್ದೆ. ಆಮೇಲೆ ತೆಗೆಯಲು ಹೋದರೆ ಟವೆಲು ಕುರ್ಚಿಯ ಆಕಾರದಲ್ಲೇ ನಿಂತಿತ್ತು. ಮುಟ್ಟಿದರೆ ಗರಗರ ಅಂತು. ನನಗೆ ನಿಜವಾಗಿ ಭಯವಾಯಿತು, ಅದಕ್ಕೆ ಏನೋ ರೋಗ ಬಂದಿದೆ ಅಂತ. ಕೆನ್ನೆಗೆ ಒತ್ತಿ ನೋಡಿದೆ. ಹಗುರ, ಬೆಚ್ಚಗೆ, ಬಿಸಿಲಿನ ವಾಸನೆ. ಒಣಗಿದ ಬಟ್ಟೆ ಅಂದರೆ ಇದು ಅಂತ ನನಗೆ ಗೊತ್ತಾದದ್ದು ಆ ವಯಸ್ಸಿನಲ್ಲಿ. ಪರೀಕ್ಷೆ ಮಾಡೋಣ ಅಂತ ಒಂದು ಲಂಗ ತಂದು ಹಾಕಿದೆ. ಅದೂ ಒಣಗಿತು. ಮಾರನೇ ದಿನ ಹಗ್ಗ ಕಟ್ಟಿದೆ.

“ಇದೇನೇ ಇದು! ನನ್ನ ಚಿತ್ರದ ಮುಂದೆ ಬನಿಯನ್ನು!” ಅಂತ ನಮ್ಮನೆಯವರು ಹಾರಾಡಿದರು.

“ನಿಮ್ಮದೇ ಬನಿಯನ್ನು ರೀ. ಬೇರೆಯವರದಲ್ಲ” ಅಂದೆ. ಬೇರೆಯವರದು ಬಂದದ್ದು ಆಮೇಲೆ.

ಎದುರುಮನೆಯಲ್ಲಿ ಜವರಪ್ಪಜ್ಜ ಅಂತ ಇದ್ದಾರೆ. ಒಂಟಿ ಮುದುಕರು, ದಿನಾ ಹರಟೆಗೆ ಬರುವವರು. ಅವತ್ತು ನಾನು ಹಪ್ಪಳ ಕರಿದು ತಟ್ಟೆಯನ್ನು ಚಿತ್ರದ ಕೆಳಗಿನ ಸ್ಟೂಲಿನ ಮೇಲೆ ಇಟ್ಟಿದ್ದೆ. ಅಜ್ಜ ಬಂದವರು ಎಂದಿನ ಹಾಗೆ ಒಂದನ್ನು ಎತ್ತಿ ಮಡಚಲು ಹೋದರು. ಹಪ್ಪಳ ಮಡಚಲಿಲ್ಲ. ಗುಮಾನಿಯಿಂದ ಅತ್ತಿತ್ತ ತಿರುಗಿಸಿ ನೋಡಿ ಬಾಯಿಗೆ ಹಾಕಿ ಕಚ್ಚಿದರು. ಕರುಂ ಅಂತ ಶಬ್ದವಾಯಿತು.

ಅಜ್ಜ ಎರಡೂ ಕೈಯಲ್ಲಿ ದವಡೆ ಹಿಡಿದುಕೊಂಡು, “ಅಯ್ಯೋ ಅಂಬುಜಮ್ಮಾ, ಹೋಯ್ತು! ಇದ್ದದ್ದೊಂದೂ ಮುರಿದುಹೋಯ್ತು!” ಅಂತ ಕೂಗಿಕೊಂಡರು.

ನಾನು ಬಗ್ಗಿ ಅವರ ಬಾಯೊಳಗೆ ನೋಡಿದೆ. “ಹಲ್ಲು ಇದೆಯಲ್ಲ ಅಜ್ಜಾ, ಗಟ್ಟಿಯಾಗೇ ಇದೆ.”

“ಹಾಗಾದ್ರೆ ಶಬ್ದ ಮಾಡಿದ್ದು ಯಾರು?”

“ಹಪ್ಪಳ.”

ಅಜ್ಜ ಇನ್ನೊಂದು ಚೂರು ಕಚ್ಚಿದರು. ಕಣ್ಣು ಮುಚ್ಚಿಕೊಂಡರು. ಮೂರು ಮನೆಗೆ ಕೇಳುವಷ್ಟು ಮಾತಾಡುವ ಮನುಷ್ಯ ತಟ್ಟೆ ಖಾಲಿಯಾಗುವ ತನಕ ಒಂದು ಮಾತೂ ಆಡಲಿಲ್ಲ. ಎದ್ದು, ಪಂಚೆಗೆ ಕೈ ಒರೆಸಿಕೊಂಡು, ನೆಟ್ಟಗೆ ಪೇಟೆ ಬೀದಿಗೆ ಹೋದರು. ಸಂಜೆಗೆ ನಮ್ಮ ಬಾಗಿಲಲ್ಲಿ ಅರ್ಧ ಊರು ಬಕೆಟ್ ಹಿಡಿದುಕೊಂಡು ನಿಂತಿತ್ತು.

ಹಜಾರದ ತುಂಬ ಹಗ್ಗಗಳಾದವು. ಸೀರೆ, ಪಂಚೆ, ಕಂಬಳಿ, ಹಾಸಿಗೆ, ಮೆಣಸಿನಕಾಯಿ. ರಿಜಿಸ್ಟ್ರಾರ್ ಕಚೇರಿಯ ಗುಮಾಸ್ತರು ಎರಡು ತಲೆಮಾರಿನ ಹಸಿ ಕಾಗದಗಳನ್ನು ತಂದು ಸಾಲಾಗಿ ಜೋಡಿಸಿದರು. ಹಾಲು ಮಾರುವ ಕಾಳಮ್ಮ ದಿನವೂ ಮೊಮ್ಮಗುವಿನ ಬಟ್ಟೆಗಳನ್ನು ತರುತ್ತಿದ್ದಳು. ಚಿತ್ರ ಅಷ್ಟೂ ಬಟ್ಟೆಗಳ ಹಿಂದೆ ಮುಚ್ಚಿಹೋಗಿತ್ತು. ನಮ್ಮನೆಯವರು ಅಡುಗೆಮನೆಯಲ್ಲಿ ಮುಖ ಗಂಟು ಹಾಕಿಕೊಂಡು ಕೂತರು.

ಒಂದು ದಿನ ಹೊರಗೆ ಬಂದು ಎಲ್ಲರೆದುರು ನಿಂತು ಸಾರಿದರು: “ಬಟ್ಟೆ ಹಾಕೋರು ಮೊದಲು ಚಿತ್ರ ನೋಡಬೇಕು. ನೋಡಿ ಏನಾದರೂ ಹೇಳಬೇಕು. ಹೇಳದವರ ಬಟ್ಟೆಗೆ ಇಲ್ಲಿ ಜಾಗ ಇಲ್ಲ.”

ಜನ ಗಾಬರಿಯಾದರು. ಕಾಳಮ್ಮ ಮೊದಲು ಮುಂದೆ ಬಂದು, ಸೆರಗು ಸರಿಮಾಡಿಕೊಂಡು, “ಬಾಳ ಚೆನ್ನಾಗದೆ ಮೇಷ್ಟ್ರೇ. ಒಳ್ಳೇ ಗಟ್ಟಿ ಹಲಗೆ” ಅಂದಳು. ಆಸ್ಪತ್ರೆಯ ಕಂಪೌಂಡರ್ ರೇವಣ್ಣ ಕನ್ನಡಕ ಏರಿಸಿ ನೋಡಿ, “ಇದಕ್ಕೆ ನಮ್ಮಲ್ಲಿ ಮುಲಾಮಿದೆ ಮೇಷ್ಟ್ರೇ, ಎರಡು ವಾರ ಹಚ್ಚಿದರೆ ಕಮ್ಮಿಯಾಗುತ್ತೆ” ಅಂದರು. ಹೈಸ್ಕೂಲಿನ ಕನ್ನಡ ಪಂಡಿತರು ಮಾತ್ರ ಸ್ವಲ್ಪ ಹೊತ್ತು ಗದ್ದ ಕೆರೆದುಕೊಂಡು, “ಶೂನ್ಯವು ಸೊಗಸಾಗಿ ಮೂಡಿದೆ” ಅಂದುಬಿಟ್ಟರು. ನಮ್ಮನೆಯವರ ಮುಖ ಅರಳಿತು. ಪಂಡಿತರ ಕಂಬಳಿಗೆ ಚಿತ್ರಕ್ಕೆ ಅಂಟಿಕೊಂಡ ಹಾಗೇ ಜಾಗ ಸಿಕ್ಕಿತು.

ಅದನ್ನು ನೋಡಿದ ಊರು ಸುಮ್ಮನಿರುತ್ತದೆಯೇ? ಮಾರನೇ ದಿನ ಬಂದವರೆಲ್ಲ, “ಶೂನ್ಯ ಸೊಗಸಾಗಿ ಮೂಡಿದೆ ಮೇಷ್ಟ್ರೇ” ಅಂತ ಹೇಳಿ ಬಕೆಟ್ ಇಳಿಸಿದರು. ಕಾಳಮ್ಮ “ಸೊನ್ನೆ ಚೆನ್ನಾಗಿ ಬಂದದೆ” ಅಂದಳು. ಒಬ್ಬ ಹೆಂಗಸಂತೂ ಅವಸರದಲ್ಲಿ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿ ಕೈಮುಗಿದು ಹಾಗೆ ಹೇಳಿ ಹೋದಳು.

ನಮ್ಮನೆಯವರು ನಿಯಮ ಬಿಗಿ ಮಾಡಿದರು. ಹೇಳಿದ್ದನ್ನೇ ಹೇಳಕೂಡದು. ಒಬ್ಬೊಬ್ಬರಿಗೆ ಚಿತ್ರದ ಒಂದೊಂದು ಜಾಗ ಗೊತ್ತುಮಾಡಿ, ಬಟ್ಟೆ ಒಣಗುವ ತನಕ ಅಲ್ಲೇ ಕೂತು ಅದನ್ನೇ ನೋಡಿ, ದಿನಕ್ಕೊಂದು ಹೊಸ ಸಂಗತಿ ಹೇಳಬೇಕು. ಜವರಪ್ಪಜ್ಜನಿಗೆ ಎಡಗಡೆಯ ಕಲ್ಲು. ಕಾಳಮ್ಮನಿಗೆ ಅದರ ಪಕ್ಕದ ಸೀಳು. ರೇವಣ್ಣನಿಗೆ ಉಪ್ಪು ಹೂತ ಹಾಗೆ ಬೆಳ್ಳಗಿದ್ದ ಒಂದು ಹರವು. ಜನ ಗೊಣಗಿಕೊಂಡು ಕೂತರು. ಆಮೇಲೆ “ಸರಿಯಮ್ಮ, ನನ್ನ ಜಾಗಕ್ಕೆ ನಿನ್ನ ಬಕೆಟ್ ಅಡ್ಡ ಬರುತ್ತೆ” ಅಂತ ಜಗಳವಾಡುವುದಕ್ಕೂ ಶುರುಮಾಡಿದರು.

ಆದರೆ ನಮ್ಮನೆಯವರಿಗೆ ಸಮಾಧಾನವಿರಲಿಲ್ಲ. “ಯಾರೂ ಚಿತ್ರ ನೋಡ್ತಿಲ್ಲ ಕಣೇ. ಬಟ್ಟೆ ಒಣಗೋದನ್ನ ಕಾಯ್ತಿದ್ದಾರೆ” ಅಂತ ನನ್ನ ಹತ್ತಿರ ಹೇಳಿಕೊಂಡರು. ನಾನು ಮಡಚುತ್ತಿದ್ದ ದುಪ್ಪಟಿಯಿಂದ ತಲೆ ಎತ್ತದೆ “ಹೂಂ” ಅಂದೆ.

ಅಷ್ಟರಲ್ಲಿ ಪುರಸಭೆ ಅಧ್ಯಕ್ಷರಾದ ಪುಟ್ಟಮಾದಯ್ಯನವರು ತಮ್ಮ ಉಣ್ಣೆ ಕೋಟನ್ನು ಎತ್ತಿಕೊಂಡು ಬಂದರು. ಅವರ ತಂದೆಯ ಕಾಲದ ಕೋಟು, ಹೊಲಿಸಿದಾಗಿನಿಂದ ಒಣಗದೇ ಇದ್ದದ್ದು, ಹೊರಲು ಇಬ್ಬರು ಬೇಕಾಗಿತ್ತು. ಅದನ್ನು ಹಗ್ಗಕ್ಕೆ ಹಾಕಿಸಿ, ಚಿತ್ರವನ್ನು ಮೇಲಿನಿಂದ ಕೆಳಗೆ ನೋಡಿ ಹೇಳಿದರು: “ಮೇಷ್ಟ್ರೇ, ಇದು ಸಾರ್ವಜನಿಕ ಸೌಕರ್ಯ. ಪುರಸಭೆ ಹಾಲಿನಲ್ಲಿರಬೇಕಾದ್ದು. ಅದಕ್ಕೆ ಮೊದಲು ಸ್ವಲ್ಪ ಲಕ್ಷಣವಾಗಿ ಮಾಡಿ. ಮಧ್ಯದಲ್ಲಿ ಒಂದು ಕೆರೆ ಹಾಕಿ, ಎರಡು ತೆಂಗಿನಮರ ಹಾಕಿ, ಈ ಬಲಗಡೆ ಕೆಳಗೆ ಖಾಲಿ ಇದೆಯಲ್ಲ, ಅಲ್ಲಿ ನನ್ನದೊಂದು ಫೋಟೋ.”

“ಕೆರೆ ಹಾಕಿದರೆ ನಿಮ್ಮ ಕೋಟು ಒಣಗಲ್ಲ” ಅಂದರು ನಮ್ಮನೆಯವರು.

ಪುಟ್ಟಮಾದಯ್ಯನವರು ಯೋಚಿಸಿ, “ಹಾಗಾದರೆ ಫೋಟೋ ಮಾತ್ರ ಸಾಕು” ಅಂದರು. ಅದೂ ಆಗುವುದಿಲ್ಲ ಅಂದಾಗ, “ಹೋಗಲಿ, ವಾರ್ಡಿಗೊಂದರ ಹಾಗೆ ಇನ್ನಷ್ಟು ಮಾಡಿಕೊಡಿ” ಅಂದರು.

ನಮ್ಮನೆಯವರು ತಲೆಯಾಡಿಸಿದರು. “ನನಗಿದ್ದದ್ದು ಒಂದೇ ಊರು. ಇದ್ದಬದ್ದದ್ದನ್ನೆಲ್ಲ ಕೆರೆದು ಇದಕ್ಕೇ ಹಾಕಿಬಿಟ್ಟೆ. ಒಳಗೆ ಈಗ ಏನೂ ಉಳಿದಿಲ್ಲ” ಅಂದರು. ನನಗೆ ಅದು ತಮಾಷೆಗೆ ಹೇಳಿದ್ದು ಅನ್ನಿಸಿತ್ತು.

ಕೋಟು ಒಣಗಿದ ಮೇಲೆ ಪುಟ್ಟಮಾದಯ್ಯನವರ ಮೈಗೆ ಆಗಲಿಲ್ಲ. ಅವರ ಆರು ವರ್ಷದ ಮೊಮ್ಮಗಳಿಗೆ ಸರಿಹೋಯಿತು. ಆದರೂ ಅವರು ದಿನಾ ಬಂದು, ಫೋಟೋಗೆ ಅಂತ ತೋರಿಸಿದ್ದ ಆ ಖಾಲಿ ಜಾಗವನ್ನು ಆಸೆಯಿಂದ ನೋಡಿಕೊಂಡು ಕೂರುತ್ತಿದ್ದರು.

ನಮ್ಮೂರಲ್ಲಿ ಒಣಗುತ್ತಿದೆ ಅನ್ನುವ ಸುದ್ದಿ ಹೊರಗೂ ಹೋಯಿತು ಅಂತ ಕಾಣುತ್ತದೆ. ಮೃಣಾಲಿನಿ ಅನ್ನುವ ಹೆಂಗಸು ಒಬ್ಬರು ದೂರದ ನಗರದಿಂದ ಕಾರಿನಲ್ಲಿ ಬಂದರು. ಅಲ್ಲಿ ದೊಡ್ಡದೊಂದು ಚಿತ್ರಶಾಲೆ ನೋಡಿಕೊಳ್ಳುವವರಂತೆ. ಹಜಾರಕ್ಕೆ ಕಾಲಿಟ್ಟವರು ನಮ್ಮ ಕಡೆ ತಿರುಗದೆ, ಲಂಗ ಪಂಚೆಗಳನ್ನು ಪರದೆಯ ಹಾಗೆ ಎರಡು ಕೈಯಲ್ಲಿ ಸರಿಸಿಕೊಂಡು ಒಳಗೆ ಹೋಗಿ ನೆಲದ ಮೇಲೆ ಕೂತುಬಿಟ್ಟರು. ನಾನು ಕೊಟ್ಟ ಕಾಫಿ ಆರಿತು, ಇನ್ನೊಂದು ಕೊಟ್ಟೆ, ಅದೂ ಆರಿತು. ಕೊನೆಗೆ ಅವರು ಚಿತ್ರದಿಂದ ಕಣ್ಣು ತೆಗೆಯದೆ ಕೇಳಿದರು: “ಇಲ್ಲಿ ಗಾಳಿ ಬಡಗಣದಿಂದ ಬೀಸುತ್ತೆ, ಅಲ್ವಾ?”

ನಮ್ಮನೆಯವರು ಹೋಗಿ ಅವರ ಪಕ್ಕ ನೆಲದ ಮೇಲೆ ಕೂತರು. “ಹೌದು. ಬಡಗಣದಿಂದಲೇ” ಅಂದರು. ಆಮೇಲೆ ಇಬ್ಬರೂ ಮಾತಾಡಿದರು ನೋಡಿ, ಕಲ್ಲು ಯಾಕೆ ಈ ಕಡೆ ಸವೆದಿದೆ, ಈ ಕೆಂಪು ಯಾವ ಹೊತ್ತಿನದು, ಮಣ್ಣಿನ ಹೊಪ್ಪಳೆ ಹೇಗೆ ಸುರುಳಿಯಾಗಿದೆ. ಮದುವೆಯಾದಾಗಿನಿಂದ ಅವರ ಕೈ ಹಾಗೆ ಗಾಳಿಯಲ್ಲಿ ಓಡಾಡಿದ್ದನ್ನು ನಾನು ಕಂಡಿರಲಿಲ್ಲ. ನನಗೆ ಸಂತೋಷವೂ ಆಯಿತು, ಹೊಟ್ಟೆಕಿಚ್ಚೂ ಆಯಿತು. ಹಿಮ್ಮಡಿಯ ಮಾತು ನೆನಪಾಗಿ ಎದ್ದು ಹೋಗಿ ಅಕ್ಕಿ ಆರಿಸಿದೆ.

ಚಿತ್ರವನ್ನು ತಮ್ಮ ಚಿತ್ರಶಾಲೆಗೆ ಕೊಡಿ ಅಂತ ಮೃಣಾಲಿನಿ ಕೇಳಿದರು. “ಅಲ್ಲಿ ಸಾವಿರಾರು ಜನ ಬರ್ತಾರೆ ಸರ್. ನೋಡೋದಕ್ಕೆ ಅಂತಲೇ ಬರ್ತಾರೆ.” ಆಕೆ ಬಾಯಿ ಮುಚ್ಚುವ ಮೊದಲೇ ನಮ್ಮನೆಯವರು ಒಪ್ಪಿದರು. ಒಪ್ಪಿದ ಮೇಲೆ ನನ್ನ ಕಡೆ ನೋಡಿದರು.

ಸುದ್ದಿ ಕೇಳಿ ಊರಿಗೆ ಊರೇ ಬಂತು. ಕಾಳಮ್ಮ ಹಜಾರದಲ್ಲೇ ಕಾಲು ಚಾಚಿ ಕೂತು, “ನಮ್ಮ ಕೂಸು ಒಣಗಿದ ಬಟ್ಟೆ ಸುಖ ಕಂಡದೆ ಮೇಷ್ಟ್ರೇ. ಈಗ ಹಸೀದು ಸುತ್ತಿದ್ರೆ ಊರು ಹಾರೋಗಂಗೆ ಕಿರುಚ್ತದೆ. ಮೊದಲೇ ಗೊತ್ತಿಲ್ದಿದ್ರೆ ಚೆನ್ನಾಗಿತ್ತು” ಅಂತ ಅತ್ತಳು. ಲಾರಿಯನ್ನು ಊರೊಳಗೆ ಬಿಡದ ಹಾಗೆ ಪುರಸಭೆ ಠರಾವು ಮಾಡುತ್ತದೆ ಅಂತ ಪುಟ್ಟಮಾದಯ್ಯನವರು ಹೆದರಿಸಿದರು.

ನಮ್ಮನೆಯವರ ಸಹನೆ ತಪ್ಪಿತು. “ಇಷ್ಟು ವರ್ಷ ನಿಮ್ಮೂರಲ್ಲಿದ್ದೆ. ನನ್ನ ಒಂದು ಗೀಟನ್ನ ನೀವು ಯಾರಾದರೂ ನೋಡಿದ್ದೀರಾ? ನಿಮಗೆ ಬೇಕಾಗಿರೋದು ಒಲೆ. ಚಿತ್ರ ಅಲ್ಲ!”

ಆಮೇಲೆ ಜವರಪ್ಪಜ್ಜ ನನ್ನ ಕಡೆ ತಿರುಗಿ, “ನೀನಾದರೂ ಹೇಳು ಅಂಬುಜಮ್ಮ. ನೀನು ಹೇಳಿದರೆ ಕೇಳ್ತಾರೆ” ಅಂದರು.

ನಿಜ, ನಾನು ಹೇಳಿದ್ದರೆ ಅವರು ಕೇಳುತ್ತಿದ್ದರು. ಗರಗರ ಅನ್ನುವ ದುಪ್ಪಟಿಯ ಮೇಲೆ ಮಲಗುವ ಸುಖ ನನಗೂ ಹತ್ತಿತ್ತು. ಆದರೆ ಗಾಳಿಯಲ್ಲಿ ಓಡಾಡಿದ ಆ ಕೈಗಳೂ ಕಣ್ಣಮುಂದೆ ಇದ್ದವಲ್ಲ. “ಹೋಗಲಿ ಬಿಡಿ ಅಜ್ಜಾ. ಅವರ ಚಿತ್ರ, ಅವರಿಗೆ ಬೇಕಾದ ಕಡೆ ಇರಲಿ” ಅಂದೆ. ಹೇಳಿ ಹಗ್ಗಗಳನ್ನು ಬಿಚ್ಚತೊಡಗಿದೆ.

ಚಿತ್ರವನ್ನು ತೆರೆದ ಲಾರಿಯಲ್ಲಿ ನಿಲ್ಲಿಸಿ ಕಟ್ಟಿದರು. ಲಾರಿ ಹೊರಟ ಕೂಡಲೇ ಅದರ ಹಿಂದೆ ರಸ್ತೆಯಿಂದ ಏನೋ ಹೊಗೆಯಂಥದ್ದು ಎದ್ದಿತು. ನಮ್ಮಲ್ಲಿ ಯಾರಿಗೂ ಅದೇನು ಅಂತ ಗೊತ್ತಿರಲಿಲ್ಲ. “ಧೂಳು” ಅಂದರು ನಮ್ಮನೆಯವರು. ಊರಿನವರೆಲ್ಲ ಆ ಧೂಳಿನೊಳಗೆ ಸೀನುತ್ತ, ಕೆಮ್ಮುತ್ತ, ಆಶ್ಚರ್ಯಕ್ಕೆ ನಗುತ್ತ, ಕಣ್ಣೀರು ಒರೆಸಿಕೊಳ್ಳುತ್ತ ಸೇತುವೆಯ ತನಕ ಲಾರಿಯ ಹಿಂದೆ ನಡೆದರು. ವಾಪಸು ಬರುವಾಗ ಅದು ಕೆಸರಾಗಿ ಕಾಲಿಗೆ ಮೆತ್ತಿಕೊಂಡಿತ್ತು.

ಮೊದಲ ಕೆಲವು ದಿನ ನಮ್ಮನೆಯವರು ಹುರುಪಿನಲ್ಲಿದ್ದರು. ಆಮೇಲೆ ಮಂಕಾದರು. ಖಾಲಿ ಗೋಡೆಯ ಮುಂದೆ ಕುರ್ಚಿ ಹಾಕಿಕೊಂಡು ಕೂರುವುದು, ಇದ್ದಿಲು ತೆಗೆದುಕೊಂಡು ಕಾಗದದ ಮೇಲೆ ಏನೋ ಗೀಚಲು ಹೋಗುವುದು, ನಿಲ್ಲಿಸುವುದು. ಒಂದು ದಿನ ಬಂದು ಒಲೆಯ ಹತ್ತಿರ ನಿಂತರು.

“ಅಂಬುಜಾ, ನಮ್ಮೂರ ಕೆರೆ ಏರಿ ಯಾವ ಕಡೆ ಇತ್ತು ಅಂತ ಮರೆತೇಹೋಗಿದೆ ಕಣೇ. ಕಣ್ಣು ಮುಚ್ಚಿದರೆ ಏನೂ ಕಾಣಲ್ಲ. ಚಿತ್ರದ ಜೊತೆ ಹೋಗಿಬಿಟ್ಟಿದೆ.”

ನಗುವ ಮಾತಲ್ಲ ಅಂತ ನನಗೆ ಆಗ ತಿಳಿಯಿತು. ಲೋಟವನ್ನು ಅವರ ಕೈಗಿಟ್ಟು, “ಕಾಫಿ ಕುಡೀರಿ” ಅಂದೆ.

ಅದೇ ಹೊತ್ತಿಗೆ ಜವರಪ್ಪಜ್ಜ ಬಂದರು. ಹಜಾರದಲ್ಲಿ ತಮ್ಮ ಮಾಮೂಲಿ ಜಾಗದಲ್ಲಿ ಗೋಡೆಗೆ ಮುಖ ಮಾಡಿ ಕೂತರು. ಕೂತು, ತಮ್ಮಷ್ಟಕ್ಕೆ ತಾವೇ, “ನನ್ನ ಕಲ್ಲು ಇಲ್ಲಿತ್ತು” ಅಂದರು. ಹಿಂದೆಯೇ ಕಾಳಮ್ಮ ಬಕೆಟ್ ಹಿಡಿದುಕೊಂಡು ಬಂದಳು. ಒಣಗುವುದಿಲ್ಲ ಅಂತ ಗೊತ್ತಿದ್ದರೂ ಕಾಲು ತಾನಾಗೇ ಈ ಕಡೆ ತಂದಿತಂತೆ.

“ಅಲ್ಲೆಲ್ಲಿತ್ತು ಅಜ್ಜಾ? ಇನ್ನೂ ಕೆಳಗೆ. ನಿಮ್ಮ ಕಲ್ಲಿನ ಬುಡದಾಗೆ ನನ್ನ ಸೀಳು ಶುರುವಾಗ್ತಿತ್ತು.”

“ನನ್ನ ಕಲ್ಲಿನ ಸುದ್ದಿ ನನಗೆ ಹೇಳಿಕೊಡ್ತೀಯಾ? ಕಲ್ಲಿಗೆ ಬಲಗಡೆ ಒಂದು ಸವಕಲು ಇತ್ತು, ಮುದುಕನ ವಸಡಿನ ಹಾಗೆ. ಅದರ ಕೆಳಗೆ ನಿನ್ನ ಸೀಳು.”

“ಬಲಗಡೆ ಅಲ್ಲ, ಎಡಗಡೆ!” ಅಂತ ಕಾಳಮ್ಮ ಎದ್ದು ಹೋಗಿ ಗೋಡೆಯ ಹಸಿ ಬಣ್ಣದ ಮೇಲೆ ಉಗುರಿನಿಂದ ಗೀರಿ ತೋರಿಸಿದಳು. “ಹಿಂಗೆ ಬಂದು, ಇಲ್ಲಿ ಒಂದು ಕಾಳಿನಷ್ಟು ನಿಂತು, ಆಮೇಲೆ ಮನಸ್ಸು ಬದಲಾಯಿಸ್ದಂಗೆ ಈ ಕಡೆ ತಿರುಗ್ತಿತ್ತು.”

ಜಗಳದ ಸದ್ದಿಗೆ ರೇವಣ್ಣ ಬಂದರು. ಬಂದು ತಮ್ಮ ಬಿಳಿ ಹರವು ಎಲ್ಲಿಂದ ಎಲ್ಲಿಗೆ ಅಂತ ಗೆರೆ ಎಳೆದರು. ಅದರೊಳಗೆ ಮೂರು ಬಗೆಯ ಬಿಳಿ ಇತ್ತಂತೆ. ಪುಟ್ಟಮಾದಯ್ಯನವರೂ ಬಂದು, ತಮ್ಮ ಖಾಲಿ ಜಾಗ ಖಾಲಿಯೇನೂ ಅಲ್ಲ, ಅದರಲ್ಲಿ ಗೋಣಿನಾರಿನ ಒಂದು ಎಳೆ ಅಡ್ಡ ಮಲಗಿತ್ತು, ಅದನ್ನು ಬಿಟ್ಟರೆ ತಾವು ಸುಮ್ಮನಿರುವುದಿಲ್ಲ ಅಂತ ಎಚ್ಚರಿಸಿದರು.

ನಮ್ಮನೆಯವರು ಅಡುಗೆಮನೆ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತೇ ಇದ್ದರು. ನಿಧಾನಕ್ಕೆ ಹತ್ತಿರ ಬಂದರು.

“ಆ ಸೀಳು ಎಷ್ಟು ಅಗಲ ಇತ್ತು ಕಾಳಮ್ಮ?”

ಕಾಳಮ್ಮ ನಾಲಿಗೆ ಕಚ್ಚಿಕೊಂಡಳು. “ನನ್ನ ಕಿರುಬೆರಳು ಕೂರೋಷ್ಟು ಮೇಷ್ಟ್ರೇ. ಒಂದಿನ ನೀವು ಇಲ್ದಾಗ ಇಟ್ಟು ನೋಡಿದ್ದೆ. ಬೈತೀರಿ ಅಂತ ಹೇಳ್ಲಿಲ್ಲ.”

ಅವರು ಬೈಯಲಿಲ್ಲ. ಸ್ವಲ್ಪ ಹೊತ್ತು ಅವಳ ಕಿರುಬೆರಳನ್ನೇ ನೋಡಿದರು. ಹಿತ್ತಲಿಗೆ ಹೋಗಿ ಮರಳಿನ ಬುಟ್ಟಿಯನ್ನೂ ಇಟ್ಟಿಗೆ ಪುಡಿಯನ್ನೂ ಎಳೆದು ತಂದರು.

ಅವತ್ತಿನಿಂದ ನಮ್ಮ ಹಜಾರದ ಗೋಡೆಯೇ ಹಲಗೆಯಾಯಿತು. ಒಬ್ಬೊಬ್ಬರು ತಮ್ಮ ಜಾಗವನ್ನು ತಾವೇ ಮೆತ್ತಬೇಕು. ಮೇಷ್ಟ್ರು ಕೈ ಹಿಡಿದು ಹೇಗೆ ಅಂತ ತೋರಿಸುತ್ತಾರೆ, ಏನು ಅಂತ ಅವರೇ ಹೇಳಬೇಕು. ನಡುವೆ ನಗರದ ಚಿತ್ರಶಾಲೆಯಲ್ಲಿ ಸಮಾರಂಭ ಇದೆ ಅಂತ ಕರೆ ಬಂದು ನಮ್ಮನೆಯವರು ಹೋದರು. ನಾಲ್ಕು ದಿನ ಇರುತ್ತೇನೆ ಅಂದವರು ಮಾರನೇ ದಿನವೇ ವಾಪಸು ಬಂದರು.

“ಯಾಕ್ರೀ? ಯಾರೂ ನೋಡಲಿಲ್ವಾ?”

“ನೋಡಿದರು. ಚೆನ್ನಾಗೇ ನೋಡಿದರು, ಹೊಗಳಿದರು. ಹತ್ತಿರ ಹೋಗಬಾರದು ಅಂತ ಚಿತ್ರದ ಮುಂದೆ ಒಂದು ಹಗ್ಗ ಕಟ್ಟಿದ್ದಾರೆ ಕಣೇ.” ಚಪ್ಪಲಿ ಬಿಡುತ್ತ ಹೇಳಿದರು: “ಹಗ್ಗ ಖಾಲಿ ಇತ್ತು.”

ಆಮೇಲೆ ಗೋಡೆಯ ಕಡೆ ನೋಡಿ, “ಈ ರೇವಣ್ಣ ನಾನಿಲ್ಲದಾಗ ಎಷ್ಟು ಬಿಳಿ ಮೆತ್ತಿದ್ದಾನೆ!” ಅಂತ ಕೂಗಾಡಿದರು. ನನಗೆ ನಿಶ್ಚಿಂತೆಯಾಯಿತು.

ಎಲ್ಲ ಜಾಗ ತುಂಬುತ್ತ ಬಂದರೂ ಮೇಲಿನ ಬಲಮೂಲೆ ಮಾತ್ರ ಹಾಗೇ ಉಳಿದಿತ್ತು. ಚಿತ್ರ ಇದ್ದಾಗ ಅಲ್ಲಿ ಹಗ್ಗದ ಗಂಟು ಇದ್ದುದರಿಂದ ಅದನ್ನು ಯಾರಿಗೂ ಗೊತ್ತುಮಾಡಿರಲಿಲ್ಲ. ನಮ್ಮನೆಯವರು ಏಣಿ ಹತ್ತಿ ಎಷ್ಟು ಹೊತ್ತು ನಿಂತರೂ ಕೈ ಆಡಲಿಲ್ಲ.

“ಅಲ್ಲಿ ತಿಳಿ ಕಂದು ರೀ” ಅಂದೆ ನಾನು ಕೆಳಗಿನಿಂದ. “ಅಂಗೈಯಲ್ಲಿ ಒಂದೇ ಸಲ ಎಳೆದಿದ್ದೀರಿ, ಎಡದಿಂದ ಬಲಕ್ಕೆ. ಕೊನೆಗೆ ಬರೋ ಹೊತ್ತಿಗೆ ಕೈ ಸ್ವಲ್ಪ ನಡುಗಿದೆ, ಅಲ್ಲಿ ಒಂದು ಅಲೆ ಎದ್ದಿದೆ. ಅದರ ತುದೀಲಿ ಮರಳು ಒಂದಿಷ್ಟು ಉದುರಿ ಸಣ್ಣ ಕುಳಿ ಬಿದ್ದಿದೆ. ದೂರದಿಂದ ನೋಡಿದರೆ ಯಾರೋ ಒಬ್ಬರು ನಡೆದು ಬರ್ತಿರೋ ಹಾಗೆ ಕಾಣುತ್ತೆ.”

ಅವರು ಏಣಿಯ ಮೇಲೆ ತಿರುಗಿ ನಿಂತರು. “ನೀನು ಯಾವಾಗ ನೋಡಿದೆ?”

“ಹಗ್ಗಕ್ಕೆ ಬಟ್ಟೆ ಹಾಕ್ತಿದ್ದೋಳು ನಾನಲ್ವೇ? ದಿನಾ ನನ್ನ ಮುಖ ಅಲ್ಲೇ ಇರ್ತಿತ್ತು.”

“ಬರ್ತಿರೋ ಹಾಗೋ, ಹೋಗ್ತಿರೋ ಹಾಗೋ?”

“ಬರ್ತಿರೋ ಹಾಗೆ” ಅಂದೆ. ಅದರಲ್ಲಿ ನನಗೆ ಸಂಶಯವಿರಲಿಲ್ಲ.

ಅವರು ಇಳಿದು ಬಂದು, ಏಣಿ ಗಟ್ಟಿಯಾಗಿ ಹಿಡಿದುಕೊಂಡು, “ಹತ್ತು” ಅಂದರು. ಈ ವಯಸ್ಸಿನಲ್ಲಿ ಸೀರೆ ಎತ್ತಿ ಕಟ್ಟಿಕೊಂಡು ಹತ್ತಿದೆ. ಕಾಳಮ್ಮ ಕಲಸಿದ ಮಣ್ಣು ಕೊಟ್ಟಳು. ಅಂಗೈಯಲ್ಲಿ ಒಂದೇ ಸಲ ಎಳೆದೆ. ನಡುಗಿಸುವುದು ಹೇಗೆ ಅಂತ ಯೋಚನೆ ಮಾಡಬೇಕಾಗಲಿಲ್ಲ. ಕೈ ತಾನೇ ನಡುಗಿತು.

ಗೋಡೆ ಇನ್ನೂ ಪೂರ್ತಿ ಗಟ್ಟಿಯಾಗಿಲ್ಲ. ಕಲ್ಲಿನ ಜಾಗದ ಬಗ್ಗೆ ಅಜ್ಜನಿಗೂ ಕಾಳಮ್ಮನಿಗೂ ಮಾತು ನಿಂತಿದೆ. ಆದರೆ ಹೋದ ವಾರ ನನ್ನ ಮೂಲೆಯಲ್ಲಿ ಚಿಟ್ ಅಂತ ಒಂದು ಸದ್ದಾಯಿತು, ಅದರ ಕೆಳಗೆ ಈಗ ಒಂದು ಕರ್ಚೀಫಿನಷ್ಟು ಬಟ್ಟೆ ಒಣಗುತ್ತದೆ. ಪಂಚೆ ಒಣಗಲು ಇನ್ನೂ ಕಾಲ ಬೇಕು ಅನ್ನುತ್ತಾರೆ ಮೇಷ್ಟ್ರು. ಯಾರ ಕರ್ಚೀಫಿಗೆ ಮೊದಲ ಸರದಿ ಅನ್ನುವ ವಿಷಯವನ್ನು ಪುಟ್ಟಮಾದಯ್ಯನವರು ಪುರಸಭೆಯಲ್ಲಿ ಚರ್ಚೆಗೆ ಇಟ್ಟಿದ್ದಾರೆ. ಚರ್ಚೆ ಮುಗಿಯುವ ಲಕ್ಷಣ ಕಾಣುತ್ತಿಲ್ಲ. ಅಲ್ಲಿಯ ತನಕ ಜಾಗ ಯಾಕೆ ಸುಮ್ಮನೆ ಬಿಡುವುದು ಅಂತ ನಾನು ನನ್ನದನ್ನೇ ಹಾಕುತ್ತಿದ್ದೇನೆ.